ಬೀರುವಿನ ಬ್ಲೌಸ್ ಪೀಸು, ಪುಟ್ಟನ ಬಟ್ಟೆ ಪುಸ್ತಕ

ಅನ್ನ ಕಲಸಿಕೊಂಡು ಕೂತರೆ ಸಾಕು, ನಮ್ಮ ಪುಟ್ಟ ಬಾಯಿ ಬಿಗಿ ಹಿಡಿದು ಮೊಬೈಲ್ ಕಡೆ ಬೆರಳು ತೋರಿಸುತ್ತಿದ್ದ. ಒಂದು ಹಾಡು ಹಾಕಿದರೆ ಮೂರು ತುತ್ತು. ಹಾಡು ನಿಂತರೆ ತುತ್ತೂ ನಿಂತಿತು! ನಿಮ್ಮ ಮನೆಯಲ್ಲೂ ಇದೇ ಕತೆಯಾ? ಹಾಗಾದರೆ ನೀವೊಬ್ಬರೇ ಅಲ್ಲ ಬಿಡಿ.

ಎರಡು ವರ್ಷದೊಳಗಿನ ಮಕ್ಕಳಿಗೆ ಟಿ.ವಿ., ಮೊಬೈಲ್ ಬೇಡವೇ ಬೇಡ, ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಬೇಡ ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿತು. ಹೇಳುವುದೇನೋ ಸುಲಭ. ಒಂದು ಕಡೆ ಕುಕ್ಕರ್ ಕೂಗುತ್ತಿರುತ್ತೆ, ಇನ್ನೊಂದು ಕಡೆ ಒಗ್ಗರಣೆ ಸೀಯುತ್ತಿರುತ್ತೆ, ಕಾಲಿಗೆ ಮಗು ಸುತ್ತಿಕೊಂಡಿರುತ್ತೆ. ಆಗ ಅದರ ಕೈಗೆ ಮೊಬೈಲ್ ಬಿಟ್ಟು ಬೇರೆ ಏನು ಕೊಡಬೇಕು ಅನ್ನೋದನ್ನ ಮಾತ್ರ ಯಾರೂ ಹೇಳಲ್ಲ.

ನನ್ನ ಪಾಲಿಗೆ ಸಿಕ್ಕಿದ್ದು ಬಟ್ಟೆ ಪುಸ್ತಕ. ಹೆಸರಿಗೆ ಪುಸ್ತಕ, ಓದುವುದಕ್ಕೇನೂ ಇಲ್ಲ. ಪ್ರತಿ ಪುಟದಲ್ಲೂ ಬೆರಳಿಗೆ ಒಂದು ಕೆಲಸ ಇರುತ್ತೆ. ಒಂದರಲ್ಲಿ ಝಿಪ್ ಎಳೆಯಬೇಕು, ಇನ್ನೊಂದರಲ್ಲಿ ಗುಂಡಿ ಹಾಕಬೇಕು, ಮತ್ತೊಂದರಲ್ಲಿ ಪರದೆ ಸರಿಸಿ ಯಾರಿದ್ದಾರೆ ಅಂತ ಇಣುಕಬೇಕು. ಇದೇನು ಹೊಸದಲ್ಲ. 1907ರಲ್ಲಿ ರೋಮ್ ನಗರದಲ್ಲಿ ಪುಟಾಣಿಗಳ ಶಾಲೆ ತೆರೆದ ಮಾರಿಯಾ ಮಾಂಟೆಸ್ಸರಿ ಅವರ ಪದ್ಧತಿಯಲ್ಲಿ ಮರದ ಚೌಕಟ್ಟಿಗೆ ಬಟ್ಟೆ ಬಿಗಿದು, ಒಂದಕ್ಕೆ ಗುಂಡಿ, ಇನ್ನೊಂದಕ್ಕೆ ಹುಕ್ಕು, ಮತ್ತೊಂದಕ್ಕೆ ಲಾಡಿ ಇಟ್ಟು ಮಕ್ಕಳ ಕೈಗೆ ಕೊಡುತ್ತಾರೆ. ತಮ್ಮ ಅಂಗಿ ತಾವೇ ತೊಡಲು ಬೆರಳು ಪಳಗಲಿ ಅಂತ.

ಅಂಗಡಿಯಲ್ಲಿ ಇಂಥ ಪುಸ್ತಕದ ಬೆಲೆ ಕೇಳಿ ಹೆದರಿ ವಾಪಸ್ ಬಂದೆ. ಮನೆಯಲ್ಲೇ ಮಾಡಿದೆ. ಮೊದಲ ಪುಸ್ತಕ ನೋಡಿದವರೆಲ್ಲ ‘ಎಷ್ಟು ಚೆನ್ನಾಗಿದೆಯಲ್ರೀ’ ಅಂದಿದ್ದೇ ಅಂದಿದ್ದು. ಆ ಪುಸ್ತಕದ ಕತೆಯನ್ನೇ ಮೊದಲು ಹೇಳಿಬಿಡುತ್ತೇನೆ.

ಒಕ್ಕಣ್ಣಿನ ಬಾತುಕೋಳಿ

ಫೆಲ್ಟ್ ಬಟ್ಟೆಯ ಹಳದಿ ಬಾತುಕೋಳಿ. ಅದಕ್ಕೆ ಅಲ್ಲಾಡುವ ಪ್ಲಾಸ್ಟಿಕ್ ಕಣ್ಣು ಬೇಕು ಅನ್ನಿಸಿತು. ಹೊಲಿಯುವುದಕ್ಕೆ ಸೋಮಾರಿತನ, ಗಮ್ ಹಾಕಿ ಅಂಟಿಸಿದೆ. ಎರಡೇ ದಿನ. ನಾನು ಅಡುಗೆಮನೆಯಲ್ಲಿದ್ದೆ, ಹಾಲ್‌ನಲ್ಲಿ ಸದ್ದಿಲ್ಲ. ಚಿಕ್ಕ ಮಕ್ಕಳಿರುವ ಮನೆಯಲ್ಲಿ ಸದ್ದಿಲ್ಲ ಅಂದರೆ ಏನೋ ನಡೀತಿದೆ ಅಂತಲೇ ಅರ್ಥ, ಅಲ್ವಾ? ಓಡಿ ಬಂದು ನೋಡಿದರೆ ಬಾತುಕೋಳಿಗೆ ಒಂದೇ ಕಣ್ಣು. ಪುಟ್ಟ ಒಂದೇ ಸಮನೆ ಕೆಮ್ಮುತ್ತಿದ್ದ, ಮುಖ ಕೆಂಪಗಾಗಿತ್ತು. ಗಾಬರಿಯಲ್ಲಿ ಬಾಯಿಗೆ ಬೆರಳು ತುರುಕಿದೆ. ದೇವರ ದಯೆ, ಅಷ್ಟರಲ್ಲಿ ಅವನೇ ಕೆಮ್ಮಿ ಉಗಿದ.

ಮಕ್ಕಳ ಡಾಕ್ಟರ್ ಹತ್ತಿರ ಹೋದಾಗ ನನಗೇ ಬೈಗುಳ. ಮಗು ಜೋರಾಗಿ ಕೆಮ್ಮುತ್ತಿದ್ದರೆ ಕೆಮ್ಮಲು ಬಿಡಬೇಕಂತೆ. ಒಳಗೇನಿದೆ ಅಂತ ಕಾಣದೆ ಬೆರಳು ಹಾಕಿ ತಡಕಿದರೆ ವಸ್ತು ಇನ್ನೂ ಆಳಕ್ಕೆ ಹೋಗಿ ಸಿಕ್ಕಿಕೊಳ್ಳುತ್ತದೆ. ಕೆಮ್ಮು, ಅಳು ಎರಡೂ ನಿಂತು ಉಸಿರೇ ಆಡದಿದ್ದರೆ ಒಂದು ಕ್ಷಣವೂ ತಡ ಮಾಡದೆ ಮಗುವನ್ನು ತಲೆ ಕೆಳಗಾಗಿ ಬಗ್ಗಿಸಿ ಹಿಡಿದು, ಬೆನ್ನಿನ ಮೇಲೆ ಎರಡು ಭುಜದ ನಡುವೆ ಅಂಗೈಯಿಂದ ಐದು ಸಲ ಗುದ್ದಬೇಕು, ಜತೆಗೇ ಸಹಾಯಕ್ಕೆ ಕೂಗಬೇಕು. ಮುಂದೇನು ಮಾಡಬೇಕು ಅನ್ನುವುದು ಒಂದು ವರ್ಷದೊಳಗಿನ ಕೂಸಿಗೆ ಒಂದು ರೀತಿ, ದೊಡ್ಡ ಮಗುವಿಗೆ ಇನ್ನೊಂದು ರೀತಿ. ಮುಂದಿನ ಸಲ ಲಸಿಕೆ ಹಾಕಿಸಲು ಹೋದಾಗ ನಿಮ್ಮ ಡಾಕ್ಟರ್ ಹತ್ತಿರ ಕೈಯಲ್ಲೇ ಮಾಡಿ ತೋರಿಸಲು ಕೇಳಿ. ನಾಚಿಕೆ ಬೇಡ.

ಆ ಪುಸ್ತಕ ಅವತ್ತೇ ಕಸದ ಬುಟ್ಟಿಗೆ ಹೋಯಿತು. ಎರಡನೆಯದಕ್ಕೆ ನನ್ನದೇ ಕಾನೂನು: ಮೂರು ವರ್ಷದೊಳಗಿನ ಮಗುವಿಗಾದರೆ ಗಮ್‌ನಲ್ಲಿ ಅಂಟಿಸಿದ್ದು, ಮಣಿ, ಗೆಜ್ಜೆ, ಚಮಕಿ, ಪ್ಲಾಸ್ಟಿಕ್ ಕಣ್ಣು ಒಂದೂ ಇಲ್ಲ. ಕಣ್ಣು ಬೇಕಾದರೆ ಕಪ್ಪು ದಾರದಲ್ಲಿ ಕಸೂತಿ ಮಾಡಿದರಾಯಿತು. ಆಟಿಕೆ ಪರೀಕ್ಷೆ ಮಾಡುವವರು 3.17 ಸೆಂಟಿಮೀಟರ್ ಅಗಲದ ಕೊಳವೆಯೊಂದನ್ನು ಇಟ್ಟುಕೊಂಡಿರುತ್ತಾರೆ. ಅದರೊಳಗೆ ಪೂರ್ತಿ ಇಳಿಯುವಂಥದ್ದು ಯಾವುದೂ ಮೂರು ವರ್ಷದೊಳಗಿನ ಮಕ್ಕಳ ಕೈಗೆ ಸಿಗಬಾರದು. ಅಂದರೆ ಕಿತ್ತು ಬರುವ ತುಂಡು ಏನೇ ಇದ್ದರೂ ಮಗುವಿನ ಮುಷ್ಟಿಗಿಂತ ದೊಡ್ಡದಿರಲಿ. ನೇತಾಡುವ ದಾರ, ಲಾಡಿ ಒಂದು ಗೇಣಿಗಿಂತ ಉದ್ದ ಬೇಡ, ಕುತ್ತಿಗೆಗೆ ಸುತ್ತಿಕೊಂಡೀತು. ಕೆಲವರು ಬಟ್ಟೆಯೊಳಗೆ ಪುಟಾಣಿ ಮ್ಯಾಗ್ನೆಟ್ ಇಟ್ಟು ಹೊಲಿಯುತ್ತಾರೆ. ದಯವಿಟ್ಟು ಬೇಡ. ಎರಡು ಮ್ಯಾಗ್ನೆಟ್ ಹೊಟ್ಟೆಗೆ ಹೋದರೆ ಕರುಳನ್ನು ನಡುವೆ ಸಿಕ್ಕಿಸಿಕೊಂಡು ಒಂದನ್ನೊಂದು ಎಳೆದುಕೊಳ್ಳುತ್ತವೆ, ಕರುಳಿಗೆ ತೂತೇ ಬೀಳಬಹುದು.

ಬೀರು ತೆಗೆಯಿರಿ

ಬಟ್ಟೆಗೆ ಅಂಗಡಿಗೆ ಓಡಬೇಡಿ. ಅರಿಶಿನ ಕುಂಕುಮಕ್ಕೆ ಹೋದಾಗೆಲ್ಲ ಬಂದ ಬ್ಲೌಸ್ ಪೀಸುಗಳು ಬೀರುವಿನಲ್ಲಿ ಎಷ್ಟಿವೆ, ಎಣಿಸಿದ್ದೀರಾ? ಅತ್ತ ಹೊಲಿಸಿಕೊಳ್ಳಲೂ ಆಗದೆ, ಇತ್ತ ಇನ್ನೊಬ್ಬರಿಗೆ ದಾಟಿಸಲೂ ಆಗದೆ ಕೂತಿರುತ್ತವಲ್ಲ, ಅವೇ! ಅದರಲ್ಲಿ ಹತ್ತಿಯವನ್ನಷ್ಟೇ ಆರಿಸಿಕೊಳ್ಳಿ. ಮಿನುಗುವ ಪಾಲಿಯೆಸ್ಟರ್ ಜಾರುತ್ತದೆ, ಅಂಚು ಬಿಚ್ಚಿಕೊಳ್ಳುತ್ತದೆ. ಚಿತ್ರಗಳಿಗೆ ಹಳೇ ಸೀರೆ, ಯಜಮಾನರ ಹಳೇ ಅಂಗಿ, ಪುಟ್ಟನಿಗೇ ಗಿಡ್ಡವಾದ ಫ್ರಾಕು, ಜುಬ್ಬ ಆಗುತ್ತೆ. ಝಿಪ್, ವೆಲ್ಕ್ರೋ, ಬಕ್ರಂ ನಿಮ್ಮ ಬಡಾವಣೆಯ ಮ್ಯಾಚಿಂಗ್ ಸೆಂಟರ್‌ನಲ್ಲೇ ಸಿಗುತ್ತೆ. ಬೆಂಗಳೂರಿನವರಾದರೆ ಚಿಕ್ಕಪೇಟೆಗೆ ಹೋಗಬಹುದು. ಆದರೆ ಹೋದವರು ಬರೀ ಝಿಪ್ ತಗೊಂಡು ಬರುವುದುಂಟೇ?

ಬಟ್ಟೆಯನ್ನು ಮೊದಲು ಒಗೆದು ಇಸ್ತ್ರಿ ಮಾಡಿ. ಹತ್ತಿ ಕುಗ್ಗುತ್ತದೆ, ಹೊಲಿದ ಮೇಲೆ ಕುಗ್ಗಿದರೆ ಪುಟ ಸೊಟ್ಟಗಾಗುತ್ತದೆ. ಒದ್ದೆ ಬಟ್ಟೆಯನ್ನು ಬಿಳಿ ಕರ್ಚೀಫಿಗೆ ಉಜ್ಜಿ ನೋಡಿ. ಬಣ್ಣ ಬಿಟ್ಟರೆ ಆ ಬಟ್ಟೆ ಬೇಡ, ಮಗು ಪುಸ್ತಕದ ಮೂಲೆಯನ್ನು ಬಾಯಿಗೆ ಹಾಕಿಯೇ ಹಾಕುತ್ತೆ.

ಈಗ ಅಳತೆ. 17 ಇಂಚು ಉದ್ದ, 9 ಇಂಚು ಅಗಲದ ನಾಲ್ಕು ತುಂಡು ಕತ್ತರಿಸಿ. ಎರಡೆರಡು ತುಂಡು ಸೇರಿಸಿದರೆ ಒಂದೊಂದು ಹಾಳೆ. ಸುತ್ತ ಅರ್ಧ ಇಂಚು ಹೊಲಿಗೆಗೆ ಹೋಗಿ 16 ಇಂಚು, 8 ಇಂಚಿನ ಹಾಳೆ ಉಳಿಯುತ್ತದೆ. ಎರಡು ಹಾಳೆಯನ್ನು ಒಂದರ ಮೇಲೊಂದು ಇಟ್ಟು ನೋಟ್ ಬುಕ್ಕಿನ ಹಾಗೆ ನಡುವೆ ಮಡಚಿದರೆ ಮುಂದಿನ ರಟ್ಟು, ಹಿಂದಿನ ರಟ್ಟು, ಒಳಗೆ ಆರು ಪುಟ. ಮೊದಲ ಸಲಕ್ಕೆ ಇಷ್ಟು ಧಾರಾಳ ಸಾಕು. ಹತ್ತು ಹನ್ನೆರಡು ಪುಟ ಮಾಡಲು ಹೊರಟರೆ ಪುಸ್ತಕ ದಿಂಬಿನ ಹಾಗೆ ಉಬ್ಬಿಕೊಂಡು ಮುಚ್ಚುವುದೇ ಇಲ್ಲ. ಅರ್ಧಕ್ಕೇ ಬೇಜಾರೂ ಆಗುತ್ತೆ.

ಇಲ್ಲೊಂದು ಎಡವಟ್ಟು ಕಾದಿರುತ್ತೆ. ಒಂದನೇ ಪುಟದ ಪಕ್ಕದ ತುಂಡಿನಲ್ಲಿ ಎರಡನೇ ಪುಟ ಬರುವುದಿಲ್ಲ! 1ರ ಪಕ್ಕ 6, 2ರ ಪಕ್ಕ 5 ಬರುತ್ತೆ. 3 ಮತ್ತು 4 ಮಾತ್ರ ಒಂದೇ ತುಂಡಿನಲ್ಲಿ ಅಕ್ಕಪಕ್ಕ ಕೂರುತ್ತವೆ. ಎರಡು ಕಾಗದ ಮಡಚಿ, ಪುಟ ಸಂಖ್ಯೆ ಬರೆದು, ಬಿಡಿಸಿ ನೋಡಿ, ಅರ್ಥವಾಗುತ್ತೆ. ನಾನು ಹಾಗೆ ಮಾಡದೆ ನಮ್ಮ ಬಸ್ಸನ್ನು ತಲೆಕೆಳಗಾಗಿ ಹೊಲಿದು, ಮಧ್ಯಾಹ್ನವಿಡೀ ಬಿಚ್ಚುತ್ತಾ ಕೂತಿದ್ದೆ.

ಚಿತ್ರ, ಜೇಬು, ಝಿಪ್ ಎಲ್ಲವನ್ನೂ ಒಂಟಿ ತುಂಡಿನ ಮೇಲೆ ಮೊದಲೇ ಹೊಲಿದು ಮುಗಿಸಿಕೊಳ್ಳಿ. ಆಮೇಲೆ ಎರಡು ತುಂಡಿನ ಚಿತ್ರದ ಮುಖ ಒಳಗೆ ಬರುವಂತೆ ಸೇರಿಸಿ, ಮೂರು ಇಂಚು ಬಾಯಿ ಬಿಟ್ಟು ಸುತ್ತ ಹೊಲಿಯಿರಿ. ಮೂಲೆ ಕತ್ತರಿಸಿ, ದಿಂಬಿನ ಕವರ್ ತಿರುಗಿಸುವ ಹಾಗೆ ತಿರುಗಿಸಿ. ಒಳಗೆ ಹಳೇ ಟರ್ಕಿ ಟವೆಲ್ಲಿನ ಒಂದು ತುಂಡು ತೂರಿಸಿ ಬಾಯಿ ಮುಚ್ಚಿ, ಅಂಚಿನ ಸುತ್ತ ಮತ್ತೊಂದು ಹೊಲಿಗೆ ಹಾಕಿ. ಎರಡೂ ಹಾಳೆ ಸಿದ್ಧವಾದ ಮೇಲೆ ನಟ್ಟ ನಡುವೆ ಎರಡು ಸಲ ಹೊಲಿದರೆ ಪುಸ್ತಕ ರೆಡಿ. ಮೆಷಿನ್ ಇಲ್ಲವೇ? ಕೈಯಲ್ಲಿ ಬ್ಯಾಕ್ ಸ್ಟಿಚ್ ಹಾಕಿ, ಗಟ್ಟಿಯಾಗೇ ಇರುತ್ತೆ. ನಮ್ಮ ಉತ್ತರ ಕರ್ನಾಟಕದ ಅಜ್ಜಿಯರು ಹಳೇ ಸೀರೆಗಳನ್ನು ಒಂದರ ಮೇಲೊಂದು ಹಾಸಿ ಕೈಯಲ್ಲೇ ಕೌದಿ ಹೊಲಿದವರು. ಯಲ್ಲಾಪುರ, ಹಳಿಯಾಳದ ಕಡೆ ಸಿದ್ದಿ ಹೆಂಗಸರು ಕೌದಿಯನ್ನು ಅಂಚಿನಿಂದ ಶುರು ಮಾಡಿ ಸುತ್ತುತ್ತಾ ನಡುವಿಗೆ ಬರುತ್ತಾರೆ. ತುಂಡು ಬಟ್ಟೆ ಕೂಡಿಸುವುದರಲ್ಲಿ ನಾವೇನು ಯಾರಿಗೂ ಕಡಿಮೆಯಿಲ್ಲ.

ಪುಟದಲ್ಲಿ ಏನಿರಲಿ?

ಇಂಟರ್‌ನೆಟ್ಟಿನಲ್ಲಿ ನೋಡಿದರೆ ಎಲ್ಲ ಕಡೆ ಸೇಬಿನ ಮರ, ಹಿಮದ ಗೊಂಬೆ. ನಮ್ಮ ಪುಟ್ಟ ಹಿಮ ನೋಡಿಲ್ಲ. ಅವನಿಗೆ ಗೊತ್ತಿರುವುದು ಬಸ್ಸು, ಕೋಳಿ, ಅಜ್ಜಿ, ಬಾಳೆ ಎಲೆ ಊಟ. ಅದನ್ನೇ ಹೊಲಿದೆ.

ನಡುವಿನ 3-4ನೇ ಪುಟದಲ್ಲಿ ಎರಡೂ ಕಡೆ ಚಾಚಿದ ಹಸಿರು ಬಾಳೆ ಎಲೆ. ಅದರ ಮೇಲೆ ವೆಲ್ಕ್ರೋದಲ್ಲಿ ಕೂರುವ ಕೋಸಂಬರಿ, ಪಲ್ಯ, ಅನ್ನ, ಹಪ್ಪಳ, ಹೋಳಿಗೆ. ಎಲ್ಲವೂ ಅಂಗೈ ಅಗಲದ ತುಂಡುಗಳು. ಮೊದಲ ಸಲ ನಮ್ಮತ್ತೆ ನೋಡಿದವರೇ ‘ಎಲೆ ತುದಿ ಎಡಗಡೆಗೆ ಬರಬೇಕು ಕಣಮ್ಮಾ, ಇದ್ಯಾಕೆ ಹೀಗೆ?’ ಅಂದರು. ಮತ್ತೆ ಬಿಚ್ಚಿದೆ! ಆದರೆ ಅವತ್ತಿನಿಂದ ಆ ಪುಟ ಅವರದ್ದೇ ಆಗಿಹೋಯಿತು. ‘ಉಪ್ಪು ಎಲ್ಲಿ? ಪಲ್ಯ ಎಲ್ಲಿ? ಅಜ್ಜಿಗೆ ಹೋಳಿಗೆ ಬಡಿಸು’ ಅಂತ ಮೊಮ್ಮಗನ ಜತೆ ಕೂತರೆ ನನ್ನ ಸಾರು, ಪಲ್ಯ ಎರಡೂ ಮುಗಿಯುತ್ತಿತ್ತು.

ವೆಲ್ಕ್ರೋದ ಒರಟು ಭಾಗ ಪುಟಕ್ಕೆ, ಮೆತ್ತನೆಯದು ತುಂಡುಗಳಿಗೆ ಬರಲಿ. ಅದಲು ಬದಲಾದರೆ ಹೋಳಿಗೆ ಹೋಗಿ ಮಗುವಿನ ಸ್ವೆಟರ್‌ಗೆ ಅಂಟಿಕೊಳ್ಳುತ್ತೆ. ಮೂಲೆಗಳನ್ನು ದುಂಡಗೆ ಕತ್ತರಿಸಿ, ಚೂಪಾಗಿದ್ದರೆ ಗೀಚುತ್ತದೆ. ಅಂಟು ಇರುವ ವೆಲ್ಕ್ರೋ ತರಬೇಡಿ, ಸೂಜಿಗೆ ಮೆತ್ತಿಕೊಂಡು ಹೊಲಿಗೆಯೇ ಕೂರುವುದಿಲ್ಲ.

ವರ್ಷದ ಕೂಸಿಗೆ ಬೇರೆ ಬೇರೆ ಮೈಯ ಬಟ್ಟೆಗಳೇ ಸಾಕು: ಟರ್ಕಿ, ವೆಲ್ವೆಟ್, ಕಾರ್ಡುರಾಯ್, ಖಣ. ಸರಿಸಿದರೆ ಅಜ್ಜಿ ತಾತನ ಮುಖ ಕಾಣುವ ಒಂದು ಪರದೆ. ಬಟ್ಟೆಗೆ ಫೋಟೊ ಪ್ರಿಂಟ್ ಹಾಕಿಕೊಡುವ ಅಂಗಡಿಗಳಿವೆ, ಅಲ್ಲಿ ಮಾಡಿಸಬಹುದು. ಎರಡು ವರ್ಷಕ್ಕೆ ವೆಲ್ಕ್ರೋ, ದೊಡ್ಡ ಹಲ್ಲಿನ ಝಿಪ್. ನಮ್ಮ ಬಸ್ಸಿನ ಬಾಗಿಲು ಝಿಪ್, ಒಳಗೆ ಜೇಬು, ಜೇಬಿನಲ್ಲಿ ಬಟ್ಟೆಯ ಕಂಡಕ್ಟರ್. ಮೂರಾದ ಮೇಲೆ ದೊಡ್ಡ ಗುಂಡಿ. ಕಾಜ ಗುಂಡಿಗಿಂತ ಸ್ವಲ್ಪ ಸಡಿಲವಿರಲಿ, ಇಲ್ಲದಿದ್ದರೆ ಸಿಟ್ಟು ಮಾಡಿಕೊಂಡು ಪುಸ್ತಕ ಎಸೆಯುತ್ತಾರೆ. ನಾಲ್ಕೈದರ ಹೊತ್ತಿಗೆ ಹುಕ್ಕು, ಪ್ರೆಸ್ ಬಟನ್, ಮೂರೆಳೆ ಜಡೆ. ಜಡೆ ಹೆಣೆಯುವ ಪುಟ ಹೆಣ್ಣುಮಕ್ಕಳಿಗೆ ಮಾತ್ರ ಅಂದುಕೊಳ್ಳಬೇಡಿ, ನಮ್ಮವನಿಗೆ ಅದೇ ಬಲು ಇಷ್ಟ.

ಗುಂಡಿಯನ್ನು ಜೋಡಿ ದಾರದಲ್ಲಿ, ಹಿಂದೆ ಬಕ್ರಂ ತುಂಡು ಇಟ್ಟು ಹೊಲಿದು, ಎರಡೂ ಕೈಯಲ್ಲಿ ಬಲ ಹಾಕಿ ಎಳೆದು ನೋಡಿ. ಕೆಲಸ ಮುಗಿದ ಮೇಲೆ ಸೂಜಿ, ಗುಂಡುಪಿನ್ನು ಎಣಿಸಿ ಡಬ್ಬಿಗೆ ಹಾಕಿ. ಒಂದು ಕಡಿಮೆ ಬಂದರೆ ಸಿಗುವವರೆಗೆ ಪುಸ್ತಕ ಮಗುವಿನ ಕೈಗೆ ಕೊಡಬೇಡಿ.

ಹಾಗಂತ ಮೊಬೈಲ್ ಹಠ ಪೂರ್ತಿ ಬಿಟ್ಟುಹೋಯಿತು ಅಂತ ಸುಳ್ಳು ಹೇಳಲಾರೆ. ಒಂದು ಸಲ ಪುಸ್ತಕ ಹಿಡಿದರೆ ಇಪ್ಪತ್ತು ನಿಮಿಷ. ಅದೂ ಮೊದಮೊದಲು ನಾನೋ ಅತ್ತೆಯೋ ಪಕ್ಕದಲ್ಲಿ ಕೂತರೆ ಮಾತ್ರ. ಅದೂ ದಿನವಿಡೀ ಎದುರಿಗಿದ್ದರೆ ಬೇಗ ಬೇಜಾರಾಗುತ್ತೆ. ಎತ್ತಿಟ್ಟು, ಊಟದ ಹೊತ್ತಿಗೋ ಊರಿಗೆ ಹೋಗುವಾಗ ಬಸ್ಸಿನಲ್ಲೋ ತೆಗೆದುಕೊಡಿ.

ನೋಡಿದವರು ‘ನಮಗೂ ಒಂದು ಹೊಲಿದುಕೊಡಿ, ದುಡ್ಡು ಕೊಡ್ತೀವಿ’ ಅನ್ನುತ್ತಾರೆ. ಮಾರಾಟದ ಯೋಚನೆ ಇದ್ದರೆ ಒಂದು ವಿಷಯ ತಿಳಿದಿರಲಿ. 2021ರ ಜನವರಿ 1ರಿಂದ ನಮ್ಮ ದೇಶದಲ್ಲಿ ಮಾರುವ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯವಾಗಿದೆ. ಕೇಂದ್ರ ಸರ್ಕಾರದ ಕರಕುಶಲ ಅಭಿವೃದ್ಧಿ ಆಯುಕ್ತರ ಕಚೇರಿಯಲ್ಲಿ ನೋಂದಾಯಿಸಿಕೊಂಡ ಕುಶಲಕರ್ಮಿಗಳು ತಯಾರಿಸಿ ಮಾರುವ ಆಟಿಕೆಗಳಿಗೆ ವಿನಾಯಿತಿ ಇದೆ. ನಾಲ್ಕು ಆರ್ಡರ್ ಹಿಡಿಯುವ ಮೊದಲು ವಿಚಾರಿಸಿಕೊಳ್ಳಿ.

ಒಗೆಯುವಾಗ ತುಂಡುಗಳನ್ನು ವೆಲ್ಕ್ರೋಗೆ ಅಂಟಿಸಿಯೇ ಇಡಿ, ಇಲ್ಲದಿದ್ದರೆ ಒರಟು ಭಾಗಕ್ಕೆ ನೂಲೆಲ್ಲ ಸಿಕ್ಕಿಕೊಳ್ಳುತ್ತೆ. ಉಗುರುಬೆಚ್ಚಗಿನ ನೀರಿನಲ್ಲಿ ಕೈಯಲ್ಲಿ ಒಗೆದು, ಹಿಂಡದೆ ಒತ್ತಿ ನೀರು ತೆಗೆದು ಬಿಸಿಲಿಗೆ ಹಾಕಿ. ಒಳಗಿನ ಟವೆಲ್ ಒಣಗಲು ಎರಡು ದಿನ ಬೇಕು, ಮಳೆಗಾಲದಲ್ಲಿ ಒಗೆಯುವ ಗೋಜಿಗೇ ಹೋಗಬೇಡಿ. ತಿಂಗಳಿಗೊಂದು ಸಲ ಗುಂಡಿ, ಝಿಪ್ ಎಲ್ಲ ಮತ್ತೆ ಎಳೆದು ನೋಡಿ. ನಮ್ಮ ಪುಸ್ತಕ ಈಗ ಎದುರು ಮನೆಯ ಮಗುವಿನ ಕೈಯಲ್ಲಿದೆ. ಹೋಳಿಗೆ ಎರಡು ಸಲ ಕಳೆದುಹೋಯಿತು, ಮೂರನೆಯದನ್ನು ಮೊನ್ನೆಯಷ್ಟೇ ಹೊಲಿದುಕೊಟ್ಟೆ.