ಸ್ಕೂಟರಿನ ಆಸನ

ಆಸನ ಮೆತ್ತಗಿದ್ದಷ್ಟೂ ಸುಖವೆಂದು ನಾವು ತಿಳಿದಿರುತ್ತೇವೆ. ದೂರದ ಪ್ರಯಾಣದಲ್ಲಿ ಈ ಮಾತು ನಿಲ್ಲುವುದಿಲ್ಲ.

1946ರಲ್ಲಿ ಇಟಲಿಯಲ್ಲಿ ಹುಟ್ಟಿದ ವೆಸ್ಪಾ ಸ್ಕೂಟರಿಗೆ 8 ಅಂಗುಲದ ರಿಮ್ಮಿನ ಪುಟ್ಟ ಚಕ್ರಗಳಿದ್ದುವು. ಚಕ್ರ ಚಿಕ್ಕದಾದಷ್ಟೂ ಗುಂಡಿಯೊಳಕ್ಕೆ ಹೆಚ್ಚು ಇಳಿಯುತ್ತದೆ, ಕುಲುಕಾಟವೂ ಹೆಚ್ಚು. ಮೋಟಾರ್ ಸೈಕಲ್ಲಿನ ಸವಾರನು ಕಾಲೂರಿ ತುಸು ಮೇಲೇಳಬಲ್ಲನು. ಸ್ಕೂಟರಿನಲ್ಲಾದರೋ ಕುರ್ಚಿಯಲ್ಲಿ ಕುಳಿತಂತೆ ಕುಳಿತಿರುವುದರಿಂದ ಮೈಭಾರದ ಬಹುಪಾಲು ಪೃಷ್ಠದ ಎರಡು ಮೂಳೆಗಳ ಮೇಲೆಯೇ ಬೀಳುತ್ತದೆ. ತೀರ ಮೆತ್ತನೆಯ ಸ್ಪಂಜು ಆ ಭಾರಕ್ಕೆ ಪೂರ್ತಿ ಕುಗ್ಗಿ, ಅಡಿಯ ಗಟ್ಟಿ ತಳವೇ ಮೂಳೆಗೆ ಒತ್ತುತ್ತದೆ. ರಕ್ತಸಂಚಾರ ಕುಂದಿ ಜೋಮು ಹಿಡಿಯುತ್ತದೆ. ನೋವಿನ ಕಡೆಗೆ ಮನಸ್ಸು ಹೋದ ಸವಾರನಿಗೆ ರಸ್ತೆಯ ಮೇಲೆ ಗಮನ ನಿಲ್ಲದು, ಅಪಾಯವಿರುವುದು ಇಲ್ಲಿಯೇ.

ಆದುದರಿಂದ ಅಗಲವಾದ, ತಕ್ಕಷ್ಟು ಬಿಗಿಯಾದ ಆಸನ ಲೇಸು. ಗಂಟೆಗೊಮ್ಮೆ ಇಳಿದು ನಾಲ್ಕು ಹೆಜ್ಜೆ ನಡೆಯುವುದು ಅದಕ್ಕಿಂತಲೂ ಲೇಸು.