ಬಿಸಿಯಾಗದ ಬಟ್ಟೆ ಡ್ರೈಯರ್: ಕಾಯಿಲ್ ಬದಲಿಸುವ ಮುನ್ನ

ಬಯಲುಸೀಮೆಯ ಹಿರಿಯೂರಿನಲ್ಲಿ ಬಟ್ಟೆ ಒಣಗಿಸಲು ಯಂತ್ರವೇಕೆ ಎಂಬ ಪ್ರಶ್ನೆ ಸಹಜವಾದುದೇ. ಆದರೆ ರಾಷ್ಟ್ರೀಯ ಹೆದ್ದಾರಿ 48ರ ಬದಿಯ ವಸತಿಗೃಹದಲ್ಲಿ ಬೆಳಿಗ್ಗೆ ತೆರವಾದ ಕೊಠಡಿಯ ಹಾಸು-ಹೊದಿಕೆಗಳು ಸಂಜೆಯೊಳಗೆ ಸಿದ್ಧವಾಗಬೇಕು. ಬಯಲಿನಲ್ಲಿ ಹರವಿದ ಬಿಳಿಯ ಬಟ್ಟೆಗೆ ರಸ್ತೆಯ ಧೂಳಿನ ಕಾಟವೂ ಇದೆ. ಇಂತಹ ಉದ್ಯಮಗಳಿಗೆ ವಿದ್ಯುತ್ ಡ್ರೈಯರ್ ಉಪಯುಕ್ತ. ಅದು ತಿರುಗುತ್ತಿದ್ದರೂ ಬಿಸಿಯಾಗದಿದ್ದಾಗ ‘ಕಾಯಿಲ್ ಹೋಗಿದೆ’ ಎಂದು ಬಗೆದು ಹೊಸದನ್ನು ತರಿಸುವುದುಂಟು. ದೋಷವು ಬೇರೆಡೆ ಇದ್ದಲ್ಲಿ ಹಣವೂ ಸಮಯವೂ ವ್ಯರ್ಥ.

ಮಾರಾಟಗಾರರು ಮೊದಲು ಒಂದು ಗೊಂದಲವನ್ನು ಪರಿಹರಿಸಬೇಕು. ಸೆಮಿ ಆಟೋಮ್ಯಾಟಿಕ್ ವಾಷಿಂಗ್ ಮಷೀನಿನಲ್ಲಿ ‘ಡ್ರೈಯರ್’ ಎಂದು ಕರೆಯುವ ತೊಟ್ಟಿಯು ಬಟ್ಟೆಯನ್ನು ರಭಸದಿಂದ ಸುತ್ತಿಸಿ ನೀರನ್ನು ಹೊರಹಾಕುವುದೇ ಹೊರತು ಬಿಸಿ ಮಾಡುವುದಿಲ್ಲ. ಈ ಲೇಖನವು ಬಿಸಿಗಾಳಿಯ ಡ್ರೈಯರಿಗೆ ಸಂಬಂಧಿಸಿದ್ದು.

ವಿದ್ಯುತ್ ಪೂರೈಕೆ

ಯಂತ್ರವನ್ನು ತಂಪುಗಾಳಿಯ ಕ್ರಮದಲ್ಲಿ ಇರಿಸಿಲ್ಲವೆಂದು ಖಚಿತಪಡಿಸಿಕೊಂಡ ಬಳಿಕ ಪೂರೈಕೆಯನ್ನು ಪರೀಕ್ಷಿಸಬೇಕು. ಮೂರು ಫೇಸ್‌ನ ಕೆಲವು ಯಂತ್ರಗಳಲ್ಲಿ ಮೋಟಾರು ಒಂದೇ ಫೇಸ್‌ನಲ್ಲಿ ನಡೆಯುತ್ತದೆ. ಉಳಿದೆರಡರಲ್ಲಿ ಒಂದು ಕಡಿತವಾದರೂ ಡ್ರಮ್ ತಿರುಗುತ್ತಿರುತ್ತದೆ. ನ್ಯೂಟ್ರಲ್ ಇಲ್ಲದೆ ಜೋಡಿಸಿದ ಮೂರು ಸಮಾನ ಕಾಯಿಲ್‌ಗಳ ಶಾಖವು ಮಾತ್ರ ಅರ್ಧಕ್ಕಿಳಿಯುತ್ತದೆ. ಒಂದು ಫೇಸ್‌ನ ಯಂತ್ರದಲ್ಲಿ ವೋಲ್ಟೇಜ್ 230ರಿಂದ 200ಕ್ಕೆ ಇಳಿದರೆ ಶಾಖವು ಸುಮಾರು ಮುಕ್ಕಾಲು ಪಾಲಾಗುತ್ತದೆ. ಇಂತಹ ಸಂದರ್ಭದಲ್ಲಿ ಹೊಸ ಕಾಯಿಲ್‌ನಿಂದ ಪ್ರಯೋಜನವಿಲ್ಲ. ಹೊರಗಿನ ಲೈನಿನ ದೋಷವಾದರೆ ಬೆಸ್ಕಾಂನ 1912ಕ್ಕೆ ದೂರು ನೀಡಬಹುದು.

ಗಾಳಿಯ ದಾರಿ

ಬಟ್ಟೆಯಿಂದ ಉದುರುವ ನೂಲಿನ ಧೂಳು ಜಾಲರಿಯಲ್ಲಿಯೂ ಹೊರಕೊಳವೆಯಲ್ಲಿಯೂ ಕಟ್ಟಿಕೊಂಡರೆ ಶಾಖವು ಕಾಯಿಲ್ ಬಳಿಯೇ ಉಳಿಯುತ್ತದೆ. ಆಗ ಥರ್ಮೋಸ್ಟಾಟ್ ವಿದ್ಯುತ್ತನ್ನು ಪದೇ ಪದೇ ಕಡಿಯುತ್ತದೆ. ಮಿತಿ ಮೀರಿದರೆ ಥರ್ಮಲ್ ಫ್ಯೂಸ್ ಸುಟ್ಟುಹೋಗುತ್ತದೆ. ಗಾಳಿಯ ದಾರಿಯನ್ನು ಶುಚಿಗೊಳಿಸದೆ ಹೊಸ ಫ್ಯೂಸ್ ಹಾಕಿದಲ್ಲಿ ಅದೂ ಸುಡುತ್ತದೆ. ಫ್ಯೂಸಿನ ಬದಲು ತಂತಿ ಸುತ್ತಿ ಕೆಲಸ ಸಾಗಿಸುವುದಂತೂ ಬೆಂಕಿಗೆ ಆಹ್ವಾನವಿತ್ತಂತೆ. ನೂಲಿನ ಧೂಳು ಬಹುಬೇಗ ಹೊತ್ತಿಕೊಳ್ಳುವ ವಸ್ತು.

ಬಿಡಿಭಾಗಗಳ ಪರೀಕ್ಷೆ

ಇದನ್ನು ಅನುಭವಿ ಎಲೆಕ್ಟ್ರಿಷಿಯನ್ ಮಾಡುವುದು ಲೇಸು. ಮುಖ್ಯ ಸ್ವಿಚ್ ಆರಿಸಿ, ಪ್ಲಗ್ ಕಳಚಿ, ಯಂತ್ರವು ತಣ್ಣಗಾದ ಬಳಿಕ ಬಿಡಿಭಾಗದ ತಂತಿಗಳನ್ನು ಬಿಡಿಸಿ ಮಲ್ಟಿಮೀಟರ್ ಹಿಡಿಯಬೇಕು. ಥರ್ಮಲ್ ಫ್ಯೂಸ್ ಮತ್ತು ಸುರಕ್ಷತಾ ಥರ್ಮೋಸ್ಟಾಟ್‌ಗಳಲ್ಲಿ ಸಂಪರ್ಕ ತೋರಬೇಕು. 230 ವೋಲ್ಟಿನ 2,000 ವ್ಯಾಟ್ ಕಾಯಿಲ್ ಸುಮಾರು 26 ಓಮ್ ತೋರುತ್ತದೆ. ತುಂಡಾಗಿದ್ದರೆ ಸಂಪರ್ಕವೇ ಇರುವುದಿಲ್ಲ. ಕಾಯಿಲ್‌ಗೂ ಯಂತ್ರದ ಲೋಹದ ಮೈಗೂ ಸಂಪರ್ಕ ತೋರಿದರೆ ಅದು ಶಾಕ್ ಹೊಡೆಯುವ ಅಪಾಯದ ಸೂಚನೆ, ಯಂತ್ರವನ್ನು ಬಳಸಕೂಡದು. ಇವೆಲ್ಲವೂ ಸರಿಯಿದ್ದರೆ ಹೀಟರಿನ ರಿಲೇ ಅಥವಾ ಕಾಂಟ್ಯಾಕ್ಟರ್ ಪರೀಕ್ಷಿಸಬೇಕು.

ಮಾರಾಟಗಾರರು ಯಂತ್ರದ ವ್ಯಾಟ್, ಫೇಸ್ ಮತ್ತು ಫ್ಯೂಸಿನ ವಿವರವನ್ನು ಬಿಲ್ಲಿನಲ್ಲಿಯೇ ಬರೆದುಕೊಡುವುದು ಉತ್ತಮ. ಬಳಕೆದಾರರು ಪ್ರತಿ ಸಲದ ಬಟ್ಟೆ ಒಣಗಿದ ಬಳಿಕ ಜಾಲರಿಯನ್ನು ಶುಚಿಗೊಳಿಸುವ ಕೆಲಸವನ್ನು ಒಬ್ಬ ನೌಕರನಿಗೆ ಹೆಸರು ಹಿಡಿದು ವಹಿಸಲಿ. ಎರಡು ನಿಮಿಷದ ಈ ಕೆಲಸದಿಂದ ಒಂದು ದಿನದ ವ್ಯವಹಾರ ಉಳಿದೀತು.