ಸ್ವೀಡನ್ ರೀತಿಯ ಹುರಿದ ಮೀನಿನ ಸ್ಯಾಂಡ್‌ವಿಚ್

ಸ್ವೀಡನ್, ನಾರ್ವೆ ಮತ್ತು ಡೆನ್ಮಾರ್ಕ್ ದೇಶಗಳನ್ನು ಒಟ್ಟಾಗಿ ಸ್ಕ್ಯಾಂಡಿನೇವಿಯ ಎನ್ನುತ್ತಾರೆ. ಅಲ್ಲಿನ ಸ್ಯಾಂಡ್‌ವಿಚ್‌ಗೆ ಸಾಮಾನ್ಯವಾಗಿ ಕೆಳಗೊಂದೇ ರೊಟ್ಟಿ. ಮೇಲೆ ಇನ್ನೊಂದನ್ನು ಮುಚ್ಚುವುದಿಲ್ಲ. ಸ್ವೀಡನ್ನಿನಲ್ಲಿ ಬೆಣ್ಣೆ ಸವರಿದ ರೊಟ್ಟಿಯ ಮೇಲೆ ಹುರಿದ ಹೆರಿಂಗ್ ಮೀನನ್ನಿಟ್ಟು ತಿನ್ನುವುದು ಬಹು ಜನಪ್ರಿಯ. ನಮ್ಮ ಕರಾವಳಿಯ ಬೂತಾಯಿಯೂ ಹೆರಿಂಗ್ ಬಳಗದ ಮೀನೇ. ಆದುದರಿಂದ ಈ ತಿನಿಸನ್ನು ನಮ್ಮ ಮನೆಗಳಲ್ಲಿಯೂ ತಯಾರಿಸಬಹುದು.

ರೈ ರೊಟ್ಟಿ

ಚಳಿಯನ್ನೂ ಬಡ ಮಣ್ಣನ್ನೂ ತಾಳಿಕೊಳ್ಳುವ ರೈ ಎಂಬ ಧಾನ್ಯ ಅಲ್ಲಿನ ಹಳೆಯ ಬೆಳೆ. ಹಿಂದೆ ರೈತ ಕುಟುಂಬಗಳು ವರ್ಷಕ್ಕೆ ಕೆಲವೇ ಬಾರಿ ಇದರ ಹಿಟ್ಟಿನಿಂದ ನಡುವೆ ತೂತಿರುವ ತೆಳು ರೊಟ್ಟಿಗಳನ್ನು ಸುಟ್ಟು, ಕೋಲಿಗೆ ಪೋಣಿಸಿ ಸೂರಿನಡಿ ಒಣಗಿಸುತ್ತಿದ್ದರು. ನೀರಿನಂಶವಿಲ್ಲದ್ದರಿಂದ ಅವು ತಿಂಗಳುಗಟ್ಟಲೆ ಕೆಡುತ್ತಿರಲಿಲ್ಲ. ರೈ ರೊಟ್ಟಿ ಸಿಗದಿದ್ದಲ್ಲಿ ಗೋಧಿ ಬ್ರೆಡ್ಡನ್ನು ಗರಿಗರಿಯಾಗಿ ಕಾಯಿಸಿ ಬಳಸಬಹುದು.

ಬೇಕಾಗುವ ಸಾಮಗ್ರಿಗಳು (4 ಜನರಿಗೆ)

ಬೂತಾಯಿ 8, ರೈ ಅಥವಾ ಗೋಧಿ ಹಿಟ್ಟು ಅರ್ಧ ಬಟ್ಟಲು, ಬೆಣ್ಣೆ 4 ಚಮಚ, ಎಣ್ಣೆ 2 ಚಮಚ, ಅರೆದ ಸಾಸಿವೆ 2 ಚಮಚ, ಹೆಚ್ಚಿದ ಸಬ್ಬಸಿಗೆ ಸೊಪ್ಪು ಒಂದು ಹಿಡಿ, ಈರುಳ್ಳಿ 1, ರೊಟ್ಟಿ 4, ಉಪ್ಪು. ಈರುಳ್ಳಿ ನೆನೆಸಲು ವಿನೆಗರ್ 6 ಚಮಚ, ನೀರು 4 ಚಮಚ, ಸಕ್ಕರೆ 5 ಚಮಚ.

ತಯಾರಿಸುವ ವಿಧಾನ

1. ವಿನೆಗರ್, ನೀರು, ಸಕ್ಕರೆಗಳನ್ನು ಕಾಯಿಸಿ ಆರಿಸಿ, ತೆಳುವಾಗಿ ಹೆಚ್ಚಿದ ಈರುಳ್ಳಿಯನ್ನು ಅದರಲ್ಲಿ ಒಂದು ಗಂಟೆ ನೆನೆಸಬೇಕು.

2. ಮೀನಿನ ಹುರುಪೆ, ತಲೆ, ಕರುಳು ತೆಗೆದು ತೊಳೆಯಬೇಕು. ಹೊಟ್ಟೆಯ ಕಡೆಯಿಂದ ಪುಸ್ತಕದಂತೆ ಬಿಡಿಸಿ, ನಡುಮುಳ್ಳನ್ನು ತಲೆಯ ಕಡೆಯಿಂದ ಬಾಲದತ್ತ ಎಳೆದು ತೆಗೆಯಬೇಕು.

3. ಒಣ ಬಟ್ಟೆಯಿಂದ ಚೆನ್ನಾಗಿ ಒತ್ತಿ ನೀರು ಹೀರಿಸಬೇಕು. ಮೀನು ಒದ್ದೆಯಾಗಿದ್ದರೆ ಬಾಣಲೆಯಲ್ಲಿ ಆವಿ ಎದ್ದು ಹಿಟ್ಟು ಕಳಚುತ್ತದೆ. ಮೀನು ಹುರಿಯುವ ಬದಲು ಬೇಯುತ್ತದೆ.

4. ಒಂದು ಮೀನಿನ ಒಳಮೈಗೆ ಉಪ್ಪು, ಸಾಸಿವೆ, ಸಬ್ಬಸಿಗೆ ಹಚ್ಚಿ, ಇನ್ನೊಂದನ್ನು ಚರ್ಮ ಹೊರಗೆ ಬರುವಂತೆ ಅದರ ಮೇಲಿಟ್ಟು ಜೋಡಿ ಮಾಡಬೇಕು. ಉಪ್ಪು ಬೆರೆಸಿದ ಹಿಟ್ಟಿನಲ್ಲಿ ಹೊರಳಿಸಿ ಕೂಡಲೇ ಹುರಿಯಬೇಕು.

5. ಅರ್ಧ ಬೆಣ್ಣೆ ಹಾಗೂ ಎಣ್ಣೆಯನ್ನು ಒಟ್ಟಿಗೆ ಕಾಯಿಸಿ, ನೊರೆ ಇಳಿದ ಮೇಲೆ ಮೀನು ಹಾಕಿ, ಹದವಾದ ಉರಿಯಲ್ಲಿ ಒಂದೊಂದು ಬದಿಯನ್ನೂ 3-4 ನಿಮಿಷ, ಒಳಗೆ ಪೂರ್ತಿ ಬೇಯುವವರೆಗೆ ಹುರಿಯಬೇಕು.

6. ಉಳಿದ ಬೆಣ್ಣೆಯನ್ನು ರೊಟ್ಟಿಯ ಅಂಚಿನವರೆಗೂ ಸವರಬೇಕು. ಇದು ರುಚಿಗಷ್ಟೇ ಅಲ್ಲ. ರಸ ಇಳಿದು ರೊಟ್ಟಿ ಮೆತ್ತಗಾಗದಂತೆಯೂ ತಡೆಯುತ್ತದೆ. ಮೇಲೆ ಮೀನು, ಹಿಂಡಿದ ಈರುಳ್ಳಿ, ಸಬ್ಬಸಿಗೆ ಇಟ್ಟು ಬಿಸಿಯಿರುವಾಗಲೇ ಬಡಿಸಬೇಕು.

ಎಚ್ಚರಿಕೆ

ಹೆರಿಂಗ್, ಬೂತಾಯಿ, ಬಂಗುಡೆಯಂತಹ ಮೀನುಗಳನ್ನು ಬಿಸಿಲಿನಲ್ಲಿ ಅಥವಾ ಸೆಕೆಯಲ್ಲಿ ಬಿಟ್ಟರೆ ಸೂಕ್ಷ್ಮಜೀವಿಗಳಿಂದ ಹಿಸ್ಟಮಿನ್ ಎಂಬ ವಸ್ತು ಉಂಟಾಗುತ್ತದೆ. ಎಷ್ಟು ಹುರಿದರೂ ಅದು ನಾಶವಾಗುವುದಿಲ್ಲ. ಅಂತಹ ಮೀನು ತಿಂದವರಿಗೆ ಮುಖ ಕೆಂಪೇರುವುದು, ತುರಿಕೆ, ತಲೆನೋವು ಕಾಣಿಸಿಕೊಳ್ಳಬಹುದು. ವಾಸನೆಯೊಂದನ್ನೇ ನಂಬುವಂತಿಲ್ಲ. ಆದ್ದರಿಂದ ಮೀನು ಕೊಂಡಾಗಿನಿಂದ ಒಲೆಗೇರುವವರೆಗೆ, ಮೀನಿನಷ್ಟೇ ತೂಕದ ಮಂಜುಗಡ್ಡೆಯಲ್ಲಿ ಇಡುವುದು ಕ್ಷೇಮ. ಸಣ್ಣ ಮುಳ್ಳುಗಳು ಉಳಿದಿರಬಹುದಾದ್ದರಿಂದ ಮಕ್ಕಳಿಗೆ ಕೊಡುವಾಗ ಬಿಡಿಸಿ ನೋಡಬೇಕು.